ಪಟವೇ ಗುರು

ಹಿರಿಯರ ಚಿತ್ರವನ್ನು ನೋಡಿ ಬರೆಯುವವನನ್ನು ನಕಲುಗಾರನೆಂದು ಹಳಿಯುವವರುಂಟು. ಅಂಥವರು ರೂಬೆನ್ಸನ ವೃತ್ತಾಂತವನ್ನು ಅರಿಯಬೇಕು.

ಕ್ರಿ. ಶ. 1628ರಲ್ಲಿ ಆತನು ರಾಜಕಾರ್ಯನಿಮಿತ್ತವಾಗಿ ಮ್ಯಾಡ್ರಿಡ್ ನಗರಕ್ಕೆ ಬಂದನು. ಆಗ ಆತನಿಗೆ ವಯಸ್ಸು 51. ಕೀರ್ತಿಯು ಯೂರೋಪಿನಲ್ಲೆಲ್ಲ ಹಬ್ಬಿದ್ದಿತು. ಆದರೂ ಅರಮನೆಯಲ್ಲಿದ್ದ ಟಿಷಿಯನ್ನನ ಚಿತ್ರಗಳ ಮುಂದೆ ಶಿಷ್ಯನಂತೆ ನಿಂತು, ಅನೇಕವನ್ನು ತೈಲವರ್ಣದಲ್ಲಿ ಪ್ರತಿಮಾಡಿದನು. ಹವ್ವಳು ನಿಷಿದ್ಧಫಲಕ್ಕೆ ಕೈಚಾಚುವ ಬೈಬಲಿನ ಪ್ರಸಂಗವು ಅವುಗಳಲ್ಲೊಂದು. ಟಿಷಿಯನ್ನನು ತೀರಿಕೊಂಡುದು 1576ರಲ್ಲಿ. ರೂಬೆನ್ಸನು ಹುಟ್ಟಿದುದು ಮರುವರ್ಷ. ಏಕಲವ್ಯನಿಗಾದರೂ ದ್ರೋಣರ ದರ್ಶನವಾಗಿತ್ತು. ಈತನಿಗೆ ಪಟವೇ ಗುರು.

ಎಣ್ಣೆಯ ಬಣ್ಣವು ಮೆಲ್ಲನೆ ಒಣಗುವುದು. ಒಣಗಿದುದರ ಮೇಲೆ ತೆಳುವಾದ ಲೇಪವನ್ನಿಟ್ಟರೆ ಕೆಳಗಣ ವರ್ಣವು ಅದರೊಳಗಿಂದ ಹೊಳೆಯುವುದು. ಮೈಬಣ್ಣದ ಈ ಮರ್ಮವನ್ನು ಕಣ್ಣು ಕಂಡರೆ ಸಾಲದು, ಕೈಯೂ ಕಲಿಯಬೇಕು.

ಆದರೆ ಆತನದು ಕುರುಡು ಅನುಕರಣವಲ್ಲ. ಹಿಂದಕ್ಕೆ ಸರಿದಿದ್ದ ಆದಾಮನನ್ನು ಮುಂದಕ್ಕೆ ಬಾಗಿಸಿದನು. ಕೊಂಬೆಯಲ್ಲಿ ಕೆಂಪು ಗಿಳಿಯೊಂದನ್ನು ಕೂರಿಸಿದನು. ಮೂಲವೂ ಪ್ರತಿಯೂ ಇಂದು ಅಲ್ಲಿಯ ಪ್ರಾಡೋ ಸಂಗ್ರಹಾಲಯದಲ್ಲಿವೆ.

ಗುರುವಿಗೆ ತಲೆಬಾಗಿದವನು ತನ್ನತನವನ್ನು ಕಳೆದುಕೊಳ್ಳುವನೆಂಬ ಭಯಕ್ಕೆ ಆ ಗಿಳಿಯೇ ಉತ್ತರ ಹೇಳುತ್ತಿದೆ.