ಸಂದೇಶ ಪಾರ್ಸಿಂಗ್ ದೋಷ

ಸಂದೇಶ ಪಾರ್ಸಿಂಗ್ ದೋಷ ಎಂದರೆ ಜಾಲದ ಮೂಲಕ ಬಂದ ಬೈಟ್‌ಗಳ ಸಾಲನ್ನು ಸ್ವೀಕರಿಸುವ ತಂತ್ರಾಂಶವು, ಕಳುಹಿಸಿದ ತಂತ್ರಾಂಶದ ಉದ್ದೇಶದಂತೆ ಬಿಡಿಸಿ ಓದಲಾಗದೆ ಉಂಟಾಗುವ ದೋಷ. ಕ್ಲೈಂಟ್ ಮತ್ತು ಸರ್ವರ್‌ಗಳ ನಡುವೆ ಸಾಗುವ ದತ್ತಾಂಶವನ್ನು ಬೈಟ್‌ಗಳ ಸಾಲಾಗಿ ಜೋಡಿಸುವುದಕ್ಕೆ ಸರಣೀಕರಣ ಎಂದೂ, ಆ ಸಾಲನ್ನು ಮತ್ತೆ ಬಿಡಿಭಾಗಗಳಾಗಿ ಓದುವುದಕ್ಕೆ ಪಾರ್ಸಿಂಗ್ ಎಂದೂ ಹೆಸರು. ಎರಡೂ ಕಡೆಯವರು ಒಂದೇ ನಿಯಮವನ್ನು ಪಾಲಿಸದಿದ್ದಾಗ ಈ ದೋಷ ತಲೆದೋರುತ್ತದೆ. ಇಂಗ್ಲಿಷ್ ಪಠ್ಯದಲ್ಲಿ ಕಾಣದೆ ಉಳಿಯುವ ಇಂತಹ ದೋಷಗಳು ಕನ್ನಡ ಪಠ್ಯ ಬಂದಾಗ ಹೊರಬೀಳುವುದುಂಟು.

ಹಿನ್ನೆಲೆ

ಅಂತರಜಾಲದ ಬಹುಪಾಲು ಸಂವಹನಕ್ಕೆ ಆಧಾರವಾದ ಟಿಸಿಪಿ ನಿಯಮಾವಳಿಯು ಬೈಟ್‌ಗಳನ್ನು ಕ್ರಮ ತಪ್ಪದಂತೆ ತಲುಪಿಸುತ್ತದೆ. ಆದರೆ ಒಂದು ಸಂದೇಶ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಅದು ತಿಳಿಸುವುದಿಲ್ಲ. ಆದ್ದರಿಂದ ಪ್ರತಿ ಸಂದೇಶದ ಮೊದಲು ಅದರ ಉದ್ದವನ್ನು ಬರೆದು ಕಳುಹಿಸುವುದು ಒಂದು ಸಾಮಾನ್ಯ ಪದ್ಧತಿ.

ಕನ್ನಡ ಲಿಪಿಗೆ ಯುನಿಕೋಡ್‌ನಲ್ಲಿ 3200ರಿಂದ 3327ರವರೆಗಿನ ಸಂಖ್ಯೆಗಳನ್ನು ಮೀಸಲಿಡಲಾಗಿದೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ರೋಮನ್ ಲಿಪಿಯ ಮೂಲ ಅಕ್ಷರಗಳಿಗೆ ತಲಾ 1 ಬೈಟ್ ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್ ಬೇಕು.

ಉದಾಹರಣೆ

ಹೂವಿನಹಡಗಲಿ ತಾಲ್ಲೂಕಿನ ‘ಮೈಲಾರ’ ಗ್ರಾಮದ ಹೆಸರನ್ನು ಕನ್ನಡದಲ್ಲಿ ಕಳುಹಿಸುವ ಒಂದು ಸಂದೇಶವನ್ನು ತೆಗೆದುಕೊಳ್ಳಬಹುದು. ಓದುಗರ ಕಣ್ಣಿಗೆ ಇದರಲ್ಲಿ 3 ಅಕ್ಷರಗಳಿವೆ. ಯುನಿಕೋಡ್ ಪ್ರಕಾರ ಮ, ಐತ್ವ, ಲ, ದೀರ್ಘ ಮತ್ತು ರ ಸೇರಿ 5 ಸಂಕೇತಗಳಿವೆ. ಯುಟಿಎಫ್-8ರಲ್ಲಿ ಇದು 15 ಬೈಟ್‌ಗಳಾಗುತ್ತದೆ:

224 178 174 | 224 179 136 | 224 178 178 | 224 178 190 | 224 178 176

ಜಾವಾ ಮತ್ತು ಪೈಥಾನ್ ಭಾಷೆಗಳಲ್ಲಿ ಈ ಪದದ ಉದ್ದವನ್ನು ಕೇಳಿದರೆ 5 ಎಂಬ ಉತ್ತರ ಬರುತ್ತದೆ. ಅದನ್ನೇ ಬೈಟ್‌ಗಳ ಸಂಖ್ಯೆಯೆಂದು ಬರೆದು ಕಳುಹಿಸಿದರೆ ಸರ್ವರ್ ಮೊದಲ 5 ಬೈಟ್‌ಗಳನ್ನಷ್ಟೇ ಓದುತ್ತದೆ. ಐತ್ವದ ಚಿಹ್ನೆ ಅರ್ಧಕ್ಕೇ ತುಂಡಾಗುತ್ತದೆ. ಉದ್ದವನ್ನು 4 ಬೈಟ್‌ಗಳಲ್ಲಿ ಬರೆಯುವ ನಿಯಮವಿದ್ದರೆ, ಉಳಿದವುಗಳಲ್ಲಿ ಮೊದಲ ನಾಲ್ಕನ್ನು (136, 224, 178, 178) ಮುಂದಿನ ಸಂದೇಶದ ಉದ್ದವೆಂದು ಸರ್ವರ್ ಭಾವಿಸುತ್ತದೆ. ದೊಡ್ಡ ಸ್ಥಾನದ ಬೈಟ್ ಮೊದಲು ಬರುವ ಕ್ರಮದಲ್ಲಿ ಅದರ ಬೆಲೆ 2,29,64,27,186. ಎಂದಿಗೂ ಬಾರದ ಸುಮಾರು 229 ಕೋಟಿ ಬೈಟ್‌ಗಳಿಗಾಗಿ ಸರ್ವರ್ ಕಾಯುತ್ತ ನಿಲ್ಲಬಹುದು, ಇಲ್ಲವೆ ಸ್ಮೃತಿ ಸಾಲದೆ ಸ್ಥಗಿತಗೊಳ್ಳಬಹುದು. ರೋಮನ್ ಲಿಪಿಯಲ್ಲಿ ಅಕ್ಷರಗಳ ಮತ್ತು ಬೈಟ್‌ಗಳ ಸಂಖ್ಯೆ ಒಂದೇ ಆಗಿರುವುದರಿಂದ, ಅದರಲ್ಲಷ್ಟೇ ಪರೀಕ್ಷಿಸಿದ ತಂತ್ರಾಂಶದಲ್ಲಿ ಈ ತಪ್ಪು ಗೋಚರಿಸುವುದಿಲ್ಲ.

ಇತರ ಕಾರಣಗಳು

* ತುಂಡಾಗಿ ಬರುವಿಕೆ: 15 ಬೈಟ್‌ಗಳು 7 ಮತ್ತು 8ರ ಎರಡು ಕಂತುಗಳಲ್ಲಿ ಬರಬಹುದು. ಪ್ರತಿ ಕಂತನ್ನೂ ಬೇರೆಬೇರೆಯಾಗಿ ಪಠ್ಯಕ್ಕೆ ಪರಿವರ್ತಿಸಿದರೆ ನಡುವಿನ ಸಂಕೇತ ಕೆಡುತ್ತದೆ.
* ಎರಡು ರೂಪಗಳು: ಐತ್ವದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ಬರೆಯಬಹುದು. ಎರಡನೆಯ ರೂಪದಲ್ಲಿ ‘ಮೈಲಾರ’ 18 ಬೈಟ್‌ಗಳಾಗುತ್ತದೆ. ನೋಡಲು ಒಂದೇ ಆದ ಹೆಸರುಗಳು ಹೋಲಿಕೆಯಲ್ಲಿ ಬೇರೆಯಾಗುತ್ತವೆ.
* ಹಳೆಯ ಸಂಕೇತ ಪದ್ಧತಿಗಳು: ಯುನಿಕೋಡ್‌ಗೆ ಮುಂಚಿನ ನುಡಿ, ಬರಹ ಮೊದಲಾದವುಗಳ ಅಕ್ಷರಶೈಲಿಯಲ್ಲಿರುವ ಪಠ್ಯವನ್ನು ಪರಿವರ್ತಿಸದೆ ಕಳುಹಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ.
* ಬೈಟ್ ಕ್ರಮ: ಸಂಖ್ಯೆಯ ಯಾವ ಬೈಟ್ ಮೊದಲು ಬರಬೇಕೆಂಬುದರಲ್ಲಿ ಒಮ್ಮತವಿಲ್ಲದಿದ್ದರೆ ಬೆಲೆ ಬದಲಾಗುತ್ತದೆ.

ದೋಷ ಪತ್ತೆ

ದೋಷದ ಸೂಚನೆ ಕಾಣಿಸಿದ ಸಂದೇಶದಲ್ಲೇ ತಪ್ಪು ಇರಬೇಕೆಂದಿಲ್ಲ. ಮೇಲಿನ ಉದಾಹರಣೆಯಂತೆ ಅದು ಹಿಂದಿನ ಸಂದೇಶದಲ್ಲಿ ಇರಬಹುದು. ಆದ್ದರಿಂದ ಸರಿಯಾಗಿ ಓದಲಾದ ಕೊನೆಯ ಸಂದೇಶದಿಂದ ಪರಿಶೀಲನೆ ಆರಂಭಿಸಬೇಕು. ವೈರ್‌ಶಾರ್ಕ್‌ನಂತಹ ಸಾಧನದಿಂದ ಜಾಲದಲ್ಲಿ ಹರಿದ ಬೈಟ್‌ಗಳನ್ನು ಸಂಗ್ರಹಿಸಿ, ಬರೆದಿರುವ ಉದ್ದವನ್ನೂ ನಿಜವಾದ ಉದ್ದವನ್ನೂ ಹೋಲಿಸಲಾಗುತ್ತದೆ. 224ರಿಂದ ಆರಂಭವಾಗಿ 178 ಅಥವಾ 179 ಬರುವ ಮೂರರ ಗುಂಪುಗಳು ಕಂಡರೆ ಅದು ಯುಟಿಎಫ್-8 ಕನ್ನಡವೆಂದು ಊಹಿಸಬಹುದು. ಪಠ್ಯವನ್ನು ಮೊದಲು ಬೈಟ್‌ಗಳಾಗಿ ಪರಿವರ್ತಿಸಿ ಅನಂತರ ಎಣಿಸುವುದು ಮೇಲಿನ ದೋಷಕ್ಕೆ ಪರಿಹಾರ.

ಭದ್ರತೆ

ಸಂದೇಶದಲ್ಲಿ ಬರೆದಿರುವ ಉದ್ದವನ್ನು ಪರೀಕ್ಷಿಸದೆ ನಂಬುವುದು ಅಪಾಯಕರ. 2014ರಲ್ಲಿ ಬೆಳಕಿಗೆ ಬಂದ, ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಹಾರ್ಟ್‌ಬ್ಲೀಡ್ ದೋಷಕ್ಕೆ ಇದೇ ಕಾರಣವಾಗಿತ್ತು. ಚಿಕ್ಕ ಸಂದೇಶ ಕಳುಹಿಸಿ ದೊಡ್ಡ ಉದ್ದವನ್ನು ನಮೂದಿಸಿದವರಿಗೆ ಸರ್ವರ್ ತನ್ನ ಸ್ಮೃತಿಯ 64 ಕಿಲೋಬೈಟ್‌ವರೆಗಿನ ಭಾಗವನ್ನು ಮರಳಿಸುತ್ತಿತ್ತು. ಅದರಲ್ಲಿ ಗುಪ್ತಪದಗಳೂ ಸೇರಿರುವ ಸಾಧ್ಯತೆಯಿತ್ತು. ಆದ್ದರಿಂದ ಉದ್ದಕ್ಕೆ ಗರಿಷ್ಠ ಮಿತಿ ವಿಧಿಸುವುದು ಮತ್ತು ಬಂದಿರುವ ಬೈಟ್‌ಗಳೊಡನೆ ಅದನ್ನು ತಾಳೆ ನೋಡುವುದು ಅಗತ್ಯ.