ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಪೆಟ್ರೋಲಿನಿಂದ ಸೀಸ ಹೊರಟ ಕಥೆ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಮ್ಮ ಸದಸ್ಯ ಕುಟುಂಬಗಳಲ್ಲಿ ಹಲವರ ಮನೆಯ ಮುಂದೆ ಹದಿನೈದು ಇಪ್ಪತ್ತು ವರ್ಷ ಹಳೆಯ ಕಾರೊಂದು ಇಂದಿಗೂ ನಿಂತಿರುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಸ್ಮಾಗ್ ತಪಾಸಣೆಯ ಹೊತ್ತಿಗೆ ಸರಿಯಾಗಿ ಅದರ 'ಚೆಕ್ ಎಂಜಿನ್' ದೀಪ ಹೊತ್ತಿಕೊಳ್ಳುತ್ತದೆ. ಮೆಕ್ಯಾನಿಕ್ ತನ್ನ ಸ್ಕ್ಯಾನರ್ ಜೋಡಿಸಿ 'ಪಿ 0420' ಎಂಬ ಸಂಕೇತವನ್ನು ಓದಿ, ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ ಎನ್ನುತ್ತಾನೆ. ಅವನು ಹೇಳುವ ವೆಚ್ಚ ಕೆಲವೊಮ್ಮೆ ಕಾರಿನ ಬೆಲೆಯನ್ನೇ ಮೀರುವುದರಿಂದ, ಈ ಲೋಹದ ಡಬ್ಬಿಯನ್ನು ಶಪಿಸದವರು ವಿರಳ. ಅದರ ಚರಿತ್ರೆಯನ್ನು ಓದಿದ ಮೇಲೆ ವೈದ್ಯನಾದ ನನಗೆ ಶಪಿಸಲು ಮನಸ್ಸು ಬರುವುದಿಲ್ಲ.

ಡಬ್ಬಿಯೊಳಗೆ ಇರುವುದು ಜೇನುಗೂಡಿನಂತೆ ಸಾವಿರಾರು ಸಣ್ಣ ರಂಧ್ರಗಳುಳ್ಳ ಪಿಂಗಾಣಿಯ ತುಂಡು. ರಂಧ್ರಗಳ ಗೋಡೆಗೆ ಅಲ್ಯೂಮಿನಾದ ಲೇಪವಿದ್ದು, ಅದರಲ್ಲಿ ಕೆಲವೇ ಗ್ರಾಂಗಳಷ್ಟು ಪ್ಲಾಟಿನಂ, ಪೆಲ್ಲಾಡಿಯಂ ಮತ್ತು ರೋಡಿಯಂ ಹರಡಿರುತ್ತವೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಯಾದ ಮೇಲೆ ಈ ಲೋಹಗಳು ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಇಂಧನ ಮತ್ತು ನೈಟ್ರೋಜನ್ ಆಕ್ಸೈಡುಗಳನ್ನು ಬಹುಪಾಲು ನಿರಪಾಯಕಾರಿ ಅನಿಲಗಳಾಗಿ ಮಾರ್ಪಡಿಸುತ್ತವೆ. ತಾವು ಮಾತ್ರ ವ್ಯಯವಾಗುವುದಿಲ್ಲ. ಹಾಗಿದ್ದರೂ ಕನ್ವರ್ಟರ್ ಏಕೆ ಕೆಡುತ್ತದೆ? ಬಹಳ ಸಲ ಅದು ತಾನಾಗಿ ಸಾಯುವುದಿಲ್ಲ, ಎಂಜಿನ್ ಅದನ್ನು ಕೊಲ್ಲುತ್ತದೆ. ಸ್ಪಾರ್ಕ್ ಪ್ಲಗ್ ಸರಿಯಾಗಿ ಕಿಡಿ ಹಾರಿಸದಿದ್ದರೆ ಉರಿಯದ ಪೆಟ್ರೋಲು ಡಬ್ಬಿಯೊಳಗೆ ಹೊತ್ತಿ ಪಿಂಗಾಣಿಯನ್ನೇ ಕರಗಿಸುತ್ತದೆ. ಹಳೆಯ ಎಂಜಿನ್ ಆಯಿಲ್ ಕುಡಿಯತೊಡಗಿದರೆ ಆಯಿಲಿನಲ್ಲಿರುವ ರಂಜಕ ಮತ್ತು ಸತು ಲೋಹದ ಮೇಲೆ ಪೊರೆಯಂತೆ ಕೂರುತ್ತವೆ. ಆದ್ದರಿಂದ ಮೂಲ ರೋಗವನ್ನು ಹುಡುಕದೆ ಹೊಸ ಕನ್ವರ್ಟರ್ ಹಾಕಿಸಿದರೆ ಅದಕ್ಕೂ ಅದೇ ಗತಿ. ಕೆಲವೊಮ್ಮೆ ತಪ್ಪು ಹಳೆಯದಾದ ಆಕ್ಸಿಜನ್ ಸೆನ್ಸರಿನದ್ದೋ, ಕೊಳವೆಯ ಸೋರಿಕೆಯದ್ದೋ ಆಗಿರುತ್ತದೆ; ಮೊದಲು ಅದನ್ನು ಪರೀಕ್ಷಿಸಲು ಹೇಳಿ. ಅಮೆರಿಕದ ಕಾನೂನಿನಂತೆ ಕನ್ವರ್ಟರಿಗೆ 8 ವರ್ಷ ಅಥವಾ 80,000 ಮೈಲಿಗಳ ವಾರಂಟಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ಹೊರಗಿನ ತಯಾರಕರ ಕನ್ವರ್ಟರ್ ಹಾಕಿಸುವುದಾದರೆ ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆ ಅದರ ಮೈಮೇಲೆ ಅಚ್ಚಾಗಿರಲೇಬೇಕು.

ಹೀಗೆ ಪೊರೆ ಕಟ್ಟಿ ಕ್ರಿಯಾವರ್ಧಕ ನಿಷ್ಕ್ರಿಯವಾಗುವುದನ್ನು ರಸಾಯನಶಾಸ್ತ್ರಜ್ಞರು 'ವಿಷವೇರುವುದು' ಎಂದೇ ಕರೆಯುತ್ತಾರೆ. ಅದರ ಮೊದಲ ವಿಷ ಸೀಸ. ನಮ್ಮ ಕಥೆ ಆರಂಭವಾಗುವುದು ಅಲ್ಲಿಂದ.

1921ರ ಡಿಸೆಂಬರಿನಲ್ಲಿ ಓಹಾಯೋದ ಡೇಟನ್ ನಗರದ ಜನರಲ್ ಮೋಟಾರ್ಸ್ ಪ್ರಯೋಗಾಲಯದಲ್ಲಿ ಥಾಮಸ್ ಮಿಡ್ಜ್‌ಲಿ ಎಂಬ ಎಂಜಿನಿಯರ್, ಪೆಟ್ರೋಲಿಗೆ ಟೆಟ್ರಾಈಥೈಲ್ ಸೀಸವನ್ನು ಬೆರೆಸಿದರೆ ಎಂಜಿನ್ನಿನ ಬಡಿತ ನಿಲ್ಲುತ್ತದೆ ಎಂದು ಕಂಡುಕೊಂಡ. ಸೀಸ ವಿಷವೆಂಬುದು ಪ್ರಾಚೀನರಿಗೂ ಗೊತ್ತಿತ್ತು. ಮಿಡ್ಜ್‌ಲಿ ಸ್ವತಃ ಸೀಸದ ವಿಷಕ್ಕೆ ತುತ್ತಾಗಿ 1923ರಲ್ಲಿ ಕೆಲಸ ಬಿಟ್ಟು ವಿಶ್ರಾಂತಿಗೆ ಹೋಗಬೇಕಾಯಿತು. ಅದೇ ವರ್ಷ ಸೀಸದ ಪೆಟ್ರೋಲ್ ಮಾರಾಟಕ್ಕೆ ಬಂತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಐವರು ಕಾರ್ಮಿಕರು ಚಿತ್ತಭ್ರಮೆಗೊಳಗಾಗಿ ಸತ್ತರು. ಮರುವರ್ಷ ವಾಷಿಂಗ್ಟನ್ನಿನಲ್ಲಿ ಸರ್ಜನ್ ಜನರಲ್ ಕರೆದ ಸಭೆಯಲ್ಲಿ ಹಾರ್ವರ್ಡಿನ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇದನ್ನು ಸ್ಪಷ್ಟವಾಗಿ ವಿರೋಧಿಸಿದರು. ಕಾರ್ಮಿಕರ ಆರೋಗ್ಯವನ್ನೇ ಬದುಕಿನ ಕೆಲಸವಾಗಿ ಮಾಡಿಕೊಂಡಿದ್ದ ಆಕೆಯ ಮಾತಿಗಿಂತ ಉದ್ಯಮದ ಮಾತಿಗೆ ತೂಕ ಹೆಚ್ಚಾಯಿತು. ಮುಂದಿನ ಅರ್ಧ ಶತಮಾನ ಜಗತ್ತಿನ ಬೀದಿಗಳಲ್ಲಿ ಸೀಸ ಹೊಗೆಯಾಗಿ ಹರಡಿತು.

ಇನ್ನೊಂದು ಎಳೆ ಲಾಸ್ ಏಂಜಲೀಸಿನದು. 1943ರ ಜುಲೈನಲ್ಲಿ ನಗರವನ್ನು ಕಣ್ಣುರಿಸುವ ಮಬ್ಬು ಕವಿದಾಗ, ಯುದ್ಧಕಾಲವಾದ್ದರಿಂದ, ಜಪಾನೀಯರು ವಿಷಾನಿಲ ಬಿಟ್ಟರೆಂದು ಜನ ಹೆದರಿದರು. ಕೃತಕ ರಬ್ಬರ್ ಕಾರ್ಖಾನೆಯೊಂದನ್ನು ದೂಷಿಸಿ ಮುಚ್ಚಿಸಿದರೂ ಮಬ್ಬು ಹೋಗಲಿಲ್ಲ. ಅದರ ಗುಟ್ಟನ್ನು ಬಿಡಿಸಿದವರು ಪ್ಯಾಸಡೀನಾದ ಕ್ಯಾಲ್‌ಟೆಕ್ ಸಂಸ್ಥೆಯ ಡಚ್ ಮೂಲದ ರಸಾಯನಶಾಸ್ತ್ರಜ್ಞ ಆರಿ ಹಾಗೆನ್-ಸ್ಮಿಟ್. ಅನಾನಸ್ ಹಣ್ಣಿನ ಪರಿಮಳದ ಬಗ್ಗೆ ಸಂಶೋಧಿಸುತ್ತಿದ್ದ ಈ ಸಜ್ಜನರು, ಕಾರು ಮತ್ತು ತೈಲ ಉದ್ಯಮದ ಹೊಗೆಯ ಮೇಲೆ ಬಿಸಿಲು ಬಿದ್ದಾಗ ಓಝೋನ್ ಹುಟ್ಟುತ್ತದೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಅದೇ ದಶಕದಲ್ಲಿ ಫ್ರೆಂಚ್ ಮೂಲದ ಎಂಜಿನಿಯರ್ ಯುಜೀನ್ ಹೂಡ್ರಿ ಕಾರಿನ ಹೊಗೆಗೆ ಕ್ಯಾಟಲಿಟಿಕ್ ಕನ್ವರ್ಟರನ್ನು ರೂಪಿಸಿ ಪೇಟೆಂಟ್ ಪಡೆದರು. ಉಪಕರಣ ಕೆಲಸ ಮಾಡುತ್ತಿತ್ತು. ಆದರೆ ಪೆಟ್ರೋಲಿನಲ್ಲಿದ್ದ ಸೀಸ ಅದರ ಮೇಲ್ಮೈಯನ್ನು ಮುಚ್ಚಿ ಬೇಗನೆ ಕೊಂದುಬಿಡುತ್ತಿತ್ತು. ಹೂಡ್ರಿ 1962ರಲ್ಲಿ ತೀರಿಕೊಂಡಾಗ ಅವರ ಕನ್ವರ್ಟರ್ ಯಾವ ಕಾರು ಕಂಪನಿಯ ಸಾಮಾನ್ಯ ಕಾರಿಗೂ ಬಂದಿರಲಿಲ್ಲ.

1970ರ ಕೊನೆಯ ದಿನ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಶುದ್ಧ ವಾಯು ಕಾಯ್ದೆ, ಕಾರಿನ ಹೊಗೆಯಲ್ಲಿನ ಮುಖ್ಯ ಮಾಲಿನ್ಯಗಳನ್ನು ಕೆಲವೇ ವರ್ಷಗಳಲ್ಲಿ 90 ಪ್ರತಿಶತ ತಗ್ಗಿಸಬೇಕೆಂದಿತು. ಕನ್ವರ್ಟರ್ ಇಲ್ಲದೆ ಅದು ಸಾಧ್ಯವಿರಲಿಲ್ಲ. ಸೀಸವಿದ್ದರೆ ಕನ್ವರ್ಟರ್ ಉಳಿಯುತ್ತಿರಲಿಲ್ಲ. ಸೀಸದ ಪೆಟ್ರೋಲನ್ನು ಹುಟ್ಟಿಸಿ, 1962ರವರೆಗೆ ಅದರ ಲಾಭದಲ್ಲಿ ಪಾಲುಗೊಂಡಿದ್ದ ಜನರಲ್ ಮೋಟಾರ್ಸ್ ಸಂಸ್ಥೆಯ ಅಧ್ಯಕ್ಷರೇ 1970ರಲ್ಲಿ ಸೀಸವನ್ನು ಕೈಬಿಡಿರೆಂದು ಕರೆಕೊಟ್ಟರು! 1973ರ ಜನವರಿಯಲ್ಲಿ ಹೊರಬಿದ್ದ ನಿಯಮದಂತೆ 1974ರ ಜುಲೈ 1ರಿಂದ ದೊಡ್ಡ ಬಂಕುಗಳಲ್ಲೆಲ್ಲ ಸೀಸರಹಿತ ಪೆಟ್ರೋಲ್ ಸಿಗಬೇಕಾಯಿತು. 1975ರ ಮಾದರಿಯ ಹೆಚ್ಚಿನ ಅಮೆರಿಕನ್ ಕಾರುಗಳು ಕನ್ವರ್ಟರಿನೊಂದಿಗೆ ಬಂದವು. ಅವುಗಳ ಪೆಟ್ರೋಲ್ ಟ್ಯಾಂಕಿನ ಬಾಯಿಯನ್ನೇ ಕಿರಿದಾಗಿಸಿ, ಸೀಸದ ಪೆಟ್ರೋಲಿನ ದಪ್ಪ ನಳಿಕೆ ಒಳಹೋಗದಂತೆ ಮಾಡಲಾಗಿತ್ತು.

ಗಮನಿಸಬೇಕಾದ ಸಂಗತಿಯೆಂದರೆ ಆ ಜನವರಿಯ ನಿಯಮಕ್ಕೆ ಕೊಟ್ಟ ಕಾರಣ ಮಕ್ಕಳ ಮೆದುಳಲ್ಲ, ಕನ್ವರ್ಟರಿನ ರಕ್ಷಣೆ. ಕ್ಯಾಲ್‌ಟೆಕ್ಕಿನವರೇ ಆದ, ಭೂಮಿಯ ವಯಸ್ಸನ್ನು ಲೆಕ್ಕಹಾಕಿದ ಕ್ಲೇರ್ ಪ್ಯಾಟರ್ಸನ್, ಮನುಷ್ಯರ ದೇಹದಲ್ಲಿ ಸೀಸ ಸಹಜ ಪ್ರಮಾಣವನ್ನು ಬಹಳವಾಗಿ ಮೀರಿದೆಯೆಂದು 1965ರಲ್ಲೇ ಎಚ್ಚರಿಸಿದ್ದರು. ಆರೋಗ್ಯದ ಕಾರಣಕ್ಕಾಗಿ ಸೀಸವನ್ನು ತಗ್ಗಿಸುವ ಪ್ರತ್ಯೇಕ ನಿಯಮವೂ 1973ರ ಕೊನೆಯಲ್ಲಿ ಬಂತು. ಆದರೆ ಸೀಸದ ಕಂಪನಿ ಅದನ್ನು ನ್ಯಾಯಾಲಯಕ್ಕೆಳೆದು 1976ರವರೆಗೆ ತಡೆಯಿತು. ಯಂತ್ರಕ್ಕೆ ವಿಷವೆಂದಾಗ ಒಪ್ಪಿದ ಉದ್ಯಮ ಮಗುವಿಗೆ ವಿಷವೆಂದಾಗ ಸಾಕ್ಷ್ಯ ಕೇಳಿತು. ಆ ಸಾಕ್ಷ್ಯ 1979ರಲ್ಲಿ ಬಂತು: ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಶಾಲಾಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ, ಸೀಸ ಹೆಚ್ಚಿದ್ದ ಮಕ್ಕಳ ಬುದ್ಧಿಸೂಚ್ಯಂಕ ಕಡಿಮೆಯೆಂದು ತೋರಿಸಿದರು. ಅಷ್ಟರಲ್ಲಿ ಕನ್ವರ್ಟರ್ ತನ್ನ ಕೆಲಸ ಆರಂಭಿಸಿತ್ತು. 1976ರಿಂದ 1980ರ ನಡುವೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಮೆರಿಕನ್ನರ ರಕ್ತದ ಸರಾಸರಿ ಸೀಸ ಸುಮಾರು 37 ಪ್ರತಿಶತ ಇಳಿದಿತ್ತು. ನಾಲ್ಕು ವರ್ಷಗಳಲ್ಲಿ ಇಷ್ಟು ಜನರಿಗೆ ಇಷ್ಟು ಉಪಕಾರ ಮಾಡಿದ ಔಷಧಗಳು ನನಗೆ ತಿಳಿದಂತೆ ಹೆಚ್ಚಿಲ್ಲ.

ಭಾರತದಲ್ಲೂ ಇದೇ ಕ್ರಮ ಮರುಕಳಿಸಿತು. ವಕೀಲ ಎಂ.ಸಿ. ಮೆಹ್ತಾ ಅವರ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಾಹನಗಳ ಹೊಗೆಯನ್ನು ಕೈಗೆತ್ತಿಕೊಂಡ ಬಳಿಕ, 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬಯಿ, ಕಲ್ಕತ್ತಾ ಮತ್ತು ಮದರಾಸುಗಳಲ್ಲಿ ಮಾರಾಟವಾಗುವ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಅವುಗಳಿಗಾಗಿ ಸೀಸರಹಿತ ಪೆಟ್ರೋಲ್ ಬಂತು. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ಆದರೆ ಮಕ್ಕಳ ರಕ್ತದಲ್ಲಿನ ಸೀಸವನ್ನು ಅಳೆಯುವ ಕೆಲಸಕ್ಕೆ ಕೇಂದ್ರವಾದದ್ದು ಬೆಂಗಳೂರೇ. ಜಾರ್ಜ್ ಫೌಂಡೇಶನ್ ಸಂಸ್ಥೆ ದೇಶದ ಪ್ರಮುಖ ನಗರಗಳಲ್ಲಿ ನಡೆಸಿದ ಪರೀಕ್ಷೆಗಳಲ್ಲಿ, ಹನ್ನೆರಡು ವರ್ಷದೊಳಗಿನ ಸುಮಾರು ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಸೀಸ ಅಂದಿನ ಮಿತಿಯಾದ 10 ಮೈಕ್ರೋಗ್ರಾಮನ್ನು ಮುಟ್ಟಿತ್ತು ಅಥವಾ ದಾಟಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಅವರು ಈ ವಿಷಯಕ್ಕೇ ತಮ್ಮ ವೃತ್ತಿಜೀವನವನ್ನು ಮೀಸಲಿಟ್ಟರು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷದ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ, 2000ದ ಫೆಬ್ರವರಿ 1ರಿಂದ, ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ನಮ್ಮ ಸದಸ್ಯರಲ್ಲಿ ನನ್ನ ವಯಸ್ಸಿನವರು, ಅಂದರೆ ನಲವತ್ತು ದಾಟಿದವರೆಲ್ಲ, ಬಾಲ್ಯವನ್ನು ಕಳೆದದ್ದು ಆ ಹೊಗೆಯಲ್ಲಿಯೇ. ಜಗತ್ತಿನಲ್ಲಿ ಕೊನೆಯದಾಗಿ ಸೀಸದ ಪೆಟ್ರೋಲನ್ನು ಬಿಟ್ಟ ದೇಶ ಆಲ್ಜೀರಿಯಾ, 2021ರಲ್ಲಿ.

ಅಮೆರಿಕದಲ್ಲಿ ಇಂದು ಒಂದೆರಡು ವರ್ಷದ ಮಗುವಿನ ಬೆರಳು ಚುಚ್ಚಿ ಸೀಸದ ಪರೀಕ್ಷೆ ಮಾಡಿಸುವಾಗ ಮಕ್ಕಳ ವೈದ್ಯರು ಪೆಟ್ರೋಲಿನ ಬಗ್ಗೆ ಕೇಳುವುದಿಲ್ಲ. ಮನೆ 1978ಕ್ಕಿಂತ ಮೊದಲು ಕಟ್ಟಿದ್ದೇ, ಗೋಡೆಯ ಬಣ್ಣ ಉದುರುತ್ತಿದೆಯೇ ಎಂದು ಕೇಳುತ್ತಾರೆ. ನಮ್ಮಂತಹ ಕುಟುಂಬಗಳಿಗೆ ಊರಿನಿಂದ ತಂದ ಅರಿಸಿನ, ಸಿಂಧೂರ ಮತ್ತು ಭಸ್ಮದ ಔಷಧಿಗಳ ಬಗ್ಗೆಯೂ ಕೇಳುತ್ತಾರೆ. ಸಂಕೋಚವಿಲ್ಲದೆ ಉತ್ತರಿಸಿ.