ಹಂಪಿ ಬಜಾರು ಖಾಲಿಯಾದ ಕಥೆ

(1/5)
ಸ್ಕೂಲ್ ಟ್ರಿಪ್ಪಿಗೆ ಹಂಪಿಗೆ ಹೋಗದವರು ನಮ್ಮ ಕಡೆ ಯಾರಿದ್ದಾರೆ ಹೇಳ್ರಿ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಊರಿನವರ ಆಲ್ಬಂ ತೆಗೆದ್ರೂ ಕಲ್ಲಿನ ರಥದ ಮುಂದೆ ನಿಂತ ಒಂದು ಫೋಟೋ ಇದ್ದೇ ಇರುತ್ತೆ. 2021ರಲ್ಲಿ ಈ ಐದೂ ತಾಲ್ಲೂಕು ಹೊಸಪೇಟೆ ಜೊತೆ ಸೇರಿ ವಿಜಯನಗರ ಜಿಲ್ಲೆ ಆದಮೇಲಂತೂ ಹಂಪಿ ನಮ್ಮ ಜಿಲ್ಲೆಯ ಊರೇ.

ವಿರೂಪಾಕ್ಷ ಗುಡಿ ಮುಂದಿನ ರಥಬೀದಿ ನೆನಪು ಮಾಡ್ಕೊಳ್ಳಿ. ಎರಡೂ ಕಡೆ ಕಲ್ಲಿನ ಮಂಟಪ, ನಡುವೆ ಬಯಲು. ನಮ್ಮ ವಯಸ್ಸಿನವರು ನೋಡಿರೋದು ಈ ಖಾಲಿ ಬೀದಿಯನ್ನೇ. 2011ರ ಜುಲೈವರೆಗೂ ಅಲ್ಲಿ ಮನೆ, ಅಂಗಡಿ, ಹೋಟೆಲ್ ಇದ್ದವು. ಜನ ಸಂಸಾರ ಮಾಡ್ಕೊಂಡಿದ್ದರು. ಅವರೆಲ್ಲ ಎಲ್ಲಿಗೆ ಹೋದರು?

(2/5)
1986ರಲ್ಲಿ ಯುನೆಸ್ಕೊ ಹಂಪಿಯನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದು ಸ್ಮಾರಕಗಳು. ಆದರೆ ಆ ಸ್ಮಾರಕಗಳ ನಡುವೆಯೇ ಹಂಪಿ, ಕಮಲಾಪುರ, ಆನೆಗೊಂದಿಯಂಥ ಊರುಗಳಿವೆ. ವಿಜಯನಗರ ಕಾಲದ ಕಾಲುವೆ ನೀರಲ್ಲಿ ರೈತರು ಇವತ್ತಿಗೂ ಭತ್ತ, ಬಾಳೆ ಬೆಳೀತಾರೆ.

ದೊಡ್ಡ ತಕರಾರು ಎದ್ದಿದ್ದು ಸೇತುವೆ ವಿಷಯಕ್ಕೆ. ತಳವಾರಘಟ್ಟದಿಂದ ಆನೆಗೊಂದಿಗೆ ಹೊಳೆ ದಾಟೋಕೆ ಹರಿಗೋಲೇ ಗತಿಯಾಗಿತ್ತು. ಸರ್ಕಾರ ಅಲ್ಲಿ ಸೇತುವೆ ಕಟ್ಟೋಕೆ ಕೈಹಾಕಿದಾಗ, ಸ್ಮಾರಕಗಳ ಪಕ್ಕ ದೊಡ್ಡ ವಾಹನಗಳ ಓಡಾಟ ಬೇಡ ಅಂತ ಆಕ್ಷೇಪ ಬಂತು. 1999ರಲ್ಲಿ ಯುನೆಸ್ಕೊ ಹಂಪಿಯನ್ನ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಆ ಪಟ್ಟಿಯಿಂದ ಹೊರಗೆ ಬಂದಿದ್ದು 2006ರಲ್ಲಿ. ಅರ್ಧಕ್ಕೆ ನಿಂತು ಮತ್ತೆ ಶುರುವಾದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು, ಕಾರ್ಮಿಕರು ಜೀವ ಕಳ್ಕೊಂಡರು.

ನಮಗೆ ಹರಿಗೋಲು ಅಂದ್ರೆ ಒಂದು ರೀಲ್ಸ್. ರಾತ್ರಿ ಹೊತ್ತು ಬಸುರಿ ಹೆಣ್ಣುಮಗಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋರಿಗೆ ಅದೇನು ಅಂತ ಯೋಚನೆ ಮಾಡಿ.

(3/5)
ಈ ಗಲಾಟೆ ನಡೆದಿರುವಾಗಲೇ 2002ರ ಕಾಯ್ದೆ ಬಂತು. ಅದರಡಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಹುಟ್ಟಿತು. ಹೊಳೆಯ ಎರಡೂ ದಡ ಸೇರಿ 29 ಹಳ್ಳಿ, ಸುಮಾರು 236 ಚದರ ಕಿ.ಮೀ. ಇದರ ಕೈಗೆ ಬಂತು. ಮುಖ್ಯ ಕೆಲಸ ಮಾಸ್ಟರ್ ಪ್ಲಾನ್ ಮಾಡೋದು.

ಮಾಸ್ಟರ್ ಪ್ಲಾನ್ ಅಂದ್ರೆ ಮುಂದಿನ ಹತ್ತಿಪ್ಪತ್ತು ವರ್ಷಕ್ಕೆ ಯಾವ ಜಾಗದಲ್ಲಿ ಏನಿರಬೇಕು ಅಂತ ಹೇಳೋ ನಕ್ಷೆ. ಹಳದಿ ಬಣ್ಣ ಮನೆಗಳಿಗೆ, ನೀಲಿ ವ್ಯಾಪಾರಕ್ಕೆ, ಹಸಿರು ಉದ್ಯಾನಕ್ಕೆ. ನಿಮ್ಮ ಹೊಲದ ಮೇಲೆ ಯಾವ ಬಣ್ಣ ಬಿತ್ತು ಅನ್ನೋದರ ಮೇಲೆ ನಾಳೆ ಅಲ್ಲಿ ಏನು ಕಟ್ಟಬಹುದು ಅನ್ನೋದು ತೀರ್ಮಾನ ಆಗುತ್ತೆ. ಹಾಗಾದ್ರೆ ಬಜಾರಿಗೆ ಯಾವ ಬಣ್ಣ? ಅದು ಜನ ಇರೋ ಊರಾ, ಸ್ಮಾರಕವಾ? ಜಗಳ ಇದ್ದಿದ್ದೇ ಇಲ್ಲಿ.

(4/5)
ಅಧಿಕಾರಿಗಳ ವಾದ ಹೀಗಿತ್ತು: ಮಂಟಪಗಳ ಕಂಬದ ನಡುವೆ ಗೋಡೆ ಎಬ್ಬಿಸಿದ್ದಾರೆ, ಸಿಮೆಂಟ್ ಮೆತ್ತಿದ್ದಾರೆ, ನೂರಾರು ವರ್ಷದ ಕಲ್ಲು ಹಾಳಾಗ್ತಿದೆ. ಇದು ಸುಳ್ಳಲ್ಲ. ಜನರ ವಾದ ಬೇರೆ: ಬಜಾರು ಅಂದಮೇಲೆ ಅದು ವ್ಯಾಪಾರಕ್ಕೆ ಕಟ್ಟಿದ್ದು, ಗುಡಿ ಇರೋವರೆಗೂ ಬೀದಿಯಲ್ಲಿ ಜನ ಇರ್ಬೇಕು. ಇದೂ ಸುಳ್ಳಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಂಡು ಬರೆದ ವಿಜಯನಗರ ಕೂಡ ಜನ ಕಿಕ್ಕಿರಿದ ಪೇಟೆಗಳ ಊರೇ.

2011ರ ಜುಲೈ 29ರಂದು ಹೈಕೋರ್ಟ್ ಆದೇಶದ ಹೆಸರಲ್ಲಿ ಜೆಸಿಬಿಗಳು ಬೀದಿಗೆ ಇಳಿದವು. 300ಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳ್ಕೊಂಡವು. ಸಾಮಾನು ಸಾಗಿಸೋಕೆ ಒಂದು ದಿನದ ಟೈಮೂ ಸಿಗಲಿಲ್ಲ ಅಂತ ಅಲ್ಲಿನವರು ಹೇಳಿದರು. ಬದಲಿ ಜಾಗ ಸಿಕ್ಕಿದ್ದು ಸುಮಾರು 4 ಕಿ.ಮೀ. ದೂರದ ಕಡ್ಡಿರಾಂಪುರದಲ್ಲಿ. ಗುಡಿಗೆ ಬರೋ ಜನರನ್ನ ನಂಬಿ ಹಣ್ಣುಕಾಯಿ ಮಾರೋರು ಅಲ್ಲಿ ಕೂತು ಯಾರಿಗೆ ಮಾರ್ಬೇಕು?

ಕೊಟ್ಟೂರಿನ ತೇರುಬೀದಿಯಲ್ಲಿ ಒಂದು ಮನೆ, ಒಂದು ಅಂಗಡಿ ಇಲ್ಲ ಅಂತ ಕಲ್ಪಿಸ್ಕೊಳ್ಳಿ. ತೇರು ಎಳೆಯೋಕೆ ಜಾಗವೇನೋ ಸಿಗುತ್ತೆ. ಎಳೆಯೋ ಊರು ಎಲ್ಲಿ?

(5/5)
ಹೊಳೆ ಆಚೆ ವಿರೂಪಾಪುರ ಗಡ್ಡೆಯಲ್ಲೂ ಕಥೆ ಹೀಗೇ ಮುಗೀತು. ಸಂರಕ್ಷಿತ ಪ್ರದೇಶದಲ್ಲಿ ಅನುಮತಿ ಇಲ್ಲದೆ ಕಟ್ಟಿದ್ದು ಅಂತ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪನ್ನೇ ಎತ್ತಿಹಿಡೀತು. ಮುಂದಿನ ತಿಂಗಳೇ ರೆಸಾರ್ಟ್‌ಗಳು ನೆಲಸಮ ಆದವು. ಅಲ್ಲಿದ್ದವರು ದುಡ್ಡು ಹಾಕಿ ರೆಸಾರ್ಟ್ ಕಟ್ಟಿದವರು, ಬಜಾರಿನಲ್ಲಿದ್ದವರು ಬದುಕು ಕಟ್ಟಿಕೊಂಡವರು. ಇಬ್ಬರನ್ನೂ ಕಾನೂನು ಕರೆದಿದ್ದು ಒಂದೇ ಹೆಸರಿಂದ: ಒತ್ತುವರಿದಾರರು.

ಇದನ್ನ ನಾವು ಯಾಕೆ ಓದ್ಬೇಕು ಅಂದ್ರೆ, ನಮ್ಮ ಊರುಗಳೂ ಬೆಳೀತಿವೆ. ರೋಡ್ ಪಕ್ಕದ ಹೊಲಗಳು ಲೇಔಟ್ ಆಗ್ತಿವೆ. ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಯಾವ ಊರಿನ ಮಾಸ್ಟರ್ ಪ್ಲಾನ್ ಆದ್ರೂ ಅಂತಿಮ ಆಗೋ ಮುಂಚೆ ಜನರ ಮುಂದೆ ಇಡ್ಬೇಕು, ಆಕ್ಷೇಪಣೆಗೆ 60 ದಿನ ಕೊಡ್ಬೇಕು. 2017ರ ನವೆಂಬರ್‌ನಲ್ಲಿ ಬೆಂಗಳೂರಿನ 2031ರ ಕರಡು ಹೊರಬಂದಾಗ ಸಾವಿರಾರು ಜನ ಆಕ್ಷೇಪಣೆ ಬರೆದು ಕೊಟ್ಟರು. ಅಲ್ಲಿ ಆಗಿದ್ದು ಇಲ್ಲೂ ಆಗ್ಬಹುದು. ಕೆರೆ ಅಂಗಳ, ಗೋಮಾಳ, ಸಂತೆ ಜಾಗ, ತೇರುಬೀದಿ ಇವಕ್ಕೆ ನಕ್ಷೆಯಲ್ಲಿ ಯಾವ ಬಣ್ಣ ಇದೆ ಅಂತ ನೋಡೋಕೆ ಇಂಜಿನಿಯರ್ ಆಗಬೇಕಿಲ್ಲ. ಜೆಸಿಬಿ ಬಂದ ದಿನ ಎಷ್ಟು ಕೂಗಿದ್ರೂ ಕೇಳೋರಿಲ್ಲ. ಆ 60 ದಿನದಲ್ಲಿ ಬರೆದುಕೊಟ್ಟ ಒಂದು ಹಾಳೆ ಫೈಲಲ್ಲಿ ಉಳಿಯುತ್ತೆ.

ನಿಮ್ಮೂರಲ್ಲಿ ಹಾಗೇ ಉಳೀಲೇಬೇಕಾದ ಜಾಗ ಯಾವುದು? ಕಾಮೆಂಟಲ್ಲಿ ಬರೀರಿ.

#ವಿಜಯನಗರಜಿಲ್ಲೆ #ಹಂಪಿಬಜಾರು #ನಮ್ಮೂರಇತಿಹಾಸ